ಜೂನ್, ಜುಲೈಯಲ್ಲಿ ಮಲ್ಪೆಯ ಕಡಲು ಏಕೆ ಮುಚ್ಚಿರುತ್ತದೆ?

ಜೂನ್ ತಿಂಗಳಲ್ಲಿ ಉಡುಪಿಯ ಕೃಷ್ಣಮಠದ ದರ್ಶನ ಮುಗಿಸಿ, ಅಲ್ಲಿಂದ ಸುಮಾರು 6 ಕಿಲೋಮೀಟರ್ ದೂರದ ಮಲ್ಪೆಗೆ ಬರುವ ಪ್ರವಾಸಿಗರನ್ನು ಪ್ರತಿ ವರ್ಷವೂ ಒಂದೇ ಬಗೆಯ ನಿರಾಸೆ ಎದುರುಗೊಳ್ಳುತ್ತದೆ. ಬಂದರಿನಲ್ಲಿ ನೂರಾರು ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಹಗ್ಗ ಬಿಗಿದು ನಿಂತಿರುತ್ತವೆ. ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ಯುವ ದೋಣಿಗಳು ಓಡಾಡುವುದಿಲ್ಲ. ನೀರಿಗಾದರೂ ಇಳಿಯೋಣವೆಂದು ಬೀಚಿನ ಕಡೆ ನಡೆದರೆ ಮರಳಿನಲ್ಲಿ ಕಂಬ ನೆಟ್ಟು ಉದ್ದಕ್ಕೂ ಬಲೆ ಕಟ್ಟಿರುತ್ತಾರೆ. ದೂರದ ಊರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದವರಿಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡಂತೆ ಕಂಡರೆ ಆಶ್ಚರ್ಯವಿಲ್ಲ.

ಈ ಮೂರೂ ಒಂದೇ ಆದೇಶದಿಂದ ನಿಂತಿವೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ವಾಸ್ತವದಲ್ಲಿ ಬೋಟುಗಳನ್ನು ಕಟ್ಟಿಹಾಕಿರುವುದು ಮೀನಿನ ಸಂತತಿಯನ್ನು ಕಾಯುವ ಕಾನೂನು. ದ್ವೀಪದ ದಾರಿಯನ್ನು ತಡೆದಿರುವುದು ಅಲೆ ಮತ್ತು ಬಂಡೆ. ಬೀಚಿಗೆ ಬಲೆ ಕಟ್ಟಿಸಿರುವುದು ದಡದ ಅಂಚಿನಲ್ಲೇ ಹುಟ್ಟುವ ಒಂದು ಬಗೆಯ ಸೆಳವು. ಮೂರರ ಬೇರೂ ಒಂದೇ ಕಡೆ, ಅಂದರೆ ನೈಋತ್ಯ ಮುಂಗಾರಿನ ಗಾಳಿಯಲ್ಲಿದೆ. ಆ ಗಾಳಿ ಕಡಲಿಗೆ ಏನು ಮಾಡುತ್ತದೆ ಎಂಬುದನ್ನು ತಿಳಿದರೆ ಮಲ್ಪೆಯ ವರ್ಷದ ಲೆಕ್ಕ ಅರ್ಥವಾಗುತ್ತದೆ. ಯಾವ ತಿಂಗಳಲ್ಲಿ ಹೋದರೆ ಏನು ಕಾಣಸಿಗುತ್ತದೆ ಎಂಬುದೂ ತಿಳಿಯುತ್ತದೆ.

ಮೊದಲು ಊರಿನ ನೆಲೆ

ಮಲ್ಪೆ ಕರ್ನಾಟಕದ ಅತಿದೊಡ್ಡ ಮೀನುಗಾರಿಕಾ ಬಂದರು. ಅದು ತೆರೆದ ಕಡಲಿಗೆ ನೇರವಾಗಿ ಮುಖ ಮಾಡಿ ನಿಂತಿಲ್ಲ. ಉದ್ಯಾವರ ಹೊಳೆಯು ಕಡಲನ್ನು ಸೇರುವ ಮುನ್ನ ಒಂದಷ್ಟು ದೂರ ತೀರಕ್ಕೆ ಸಮಾನಾಂತರವಾಗಿ ಉತ್ತರದ ಕಡೆಗೆ ಹರಿಯುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿಯುವ ತೆಳುವಾದ ಮರಳಿನ ಪಟ್ಟಿಯೇ ಪಡುಕೆರೆ. ಹೊಳೆ ಕಡಲಿಗೆ ಬಾಯಿ ತೆರೆಯುವ ಜಾಗವನ್ನು ಕರಾವಳಿಯವರು ಅಳಿವೆ ಅಥವಾ ಅಳಿವೆಬಾಗಿಲು ಎನ್ನುತ್ತಾರೆ. ಬಂದರು ಅದರ ಒಳಗಿದೆ. ಬೋಟುಗಳಿಗೆ ಇದು ಅಂಗಳವಿದ್ದಂತೆ. ಹೊರಗೆ ಎಷ್ಟೇ ಅಬ್ಬರವಿದ್ದರೂ ಒಳಗೆ ನೀರು ತಕ್ಕಮಟ್ಟಿಗೆ ಶಾಂತವಾಗಿರುತ್ತದೆ.

ಆದರೆ ಬಾಗಿಲು ದಾಟುವುದು ಸುಲಭವಲ್ಲ. ಹೊಳೆ ತರುವ ಹೂಳು ಮತ್ತು ಕಡಲು ತಳ್ಳುವ ಮರಳು ಅಳಿವೆಯಲ್ಲಿ ದಿಬ್ಬ ಕಟ್ಟುತ್ತವೆ. ಆಳದಿಂದ ಬರುವ ಅಲೆಯು ಅಲ್ಲಿಗೆ ಬರುತ್ತಿದ್ದಂತೆ ಎತ್ತರವಾಗಿ ಒಡೆಯುತ್ತದೆ. ಮಳೆಗಾಲದಲ್ಲಿ ತುಂಬಿದ ಹೊಳೆ ಹೊರಕ್ಕೆ ನುಗ್ಗುತ್ತಿರುವಾಗ ಕಡಲು ಒಳಕ್ಕೆ ನುಗ್ಗುವುದರಿಂದ ಅಲ್ಲಿನ ನೀರು ಯಾವ ಕಡೆಗೆ ಎಳೆಯುತ್ತದೆಂದು ಅನುಭವಿಗಳಿಗೂ ಹೇಳುವುದು ಕಷ್ಟ. ಬೋಟು ಮುನ್ನಡೆಸುವ ತಾಂಡೇಲನ ನಿಜವಾದ ಪರೀಕ್ಷೆ ನಡೆಯುವುದು ಈ ಕೆಲವೇ ನೂರು ಅಡಿಗಳಲ್ಲಿ.

ಗಾಳಿ ಕಡಲನ್ನು ಉಳುತ್ತದೆ

ಬಯಲಿನ ರೈತರಿಗೆ ಮುಂಗಾರು ಎಂದರೆ ಉಳುಮೆಯ ಕಾಲ. ಅದೇ ಹೊತ್ತಿನಲ್ಲಿ ಗಾಳಿಯು ಕಡಲನ್ನೂ ಒಂದು ರೀತಿಯಲ್ಲಿ ಉಳುತ್ತಿರುತ್ತದೆ. ಇದು ಅಲಂಕಾರಕ್ಕಾಗಿ ಹೇಳಿದ ಮಾತಲ್ಲ. ಆಗುವ ಕೆಲಸ ಬಹುಮಟ್ಟಿಗೆ ಅದೇ.

ಕಡಲಿನಲ್ಲಿ ಸತ್ತ ಜೀವಿಗಳ ಅಂಶ, ಕಸ, ಕೊಳೆತ ಪದಾರ್ಥ ಎಲ್ಲವೂ ನಿಧಾನವಾಗಿ ಕೆಳಕ್ಕೆ ಇಳಿಯುತ್ತವೆ. ಅವು ಕಳಿತು ಬಿಡುಗಡೆಯಾಗುವ ಸಾರಜನಕ, ರಂಜಕದಂತಹ ಪೋಷಕಾಂಶಗಳು, ಅಂದರೆ ಕಡಲಿನ ಗೊಬ್ಬರ, ಕೆಳಗಿನ ತಣ್ಣನೆಯ ನೀರಿನಲ್ಲೇ ಉಳಿಯುತ್ತವೆ. ಬೆಳೆ ಬೆಳೆಯಲು ಬೇಕಾದ ಬಿಸಿಲು ಇರುವುದು ಮೇಲೆ. ಗೊಬ್ಬರ ಒಂದು ಕಡೆ, ಬಿಸಿಲು ಇನ್ನೊಂದು ಕಡೆ ಇರುವವರೆಗೆ ಫಸಲು ಬರುವುದಿಲ್ಲ. ಇವೆರಡನ್ನೂ ಒಂದೆಡೆ ಸೇರಿಸುವುದು ಗಾಳಿ.

ಲೋಟದಲ್ಲಿರುವ ಹಾಲಿನ ಕೆನೆಯನ್ನು ಒಂದು ಅಂಚಿನಿಂದ ಊದಿದರೆ ಕೆನೆ ಆಚೆಗೆ ಸರಿದು, ತೆರವಾದ ಜಾಗದಲ್ಲಿ ಕೆಳಗಿನ ಹಾಲು ಕಾಣಿಸಿಕೊಳ್ಳುತ್ತದೆ. ಮುಂಗಾರಿನಲ್ಲಿ ನಮ್ಮ ತೀರದಲ್ಲಿ ನಡೆಯುವುದೂ ಇಂಥದೇ, ಆದರೆ ಒಂದು ವ್ಯತ್ಯಾಸವಿದೆ. ಹೆಸರು ನೈಋತ್ಯವಾದರೂ ನಮ್ಮ ತೀರದ ಬಳಿ ಗಾಳಿ ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದ ಬೀಸುವುದರಿಂದ ಅದರ ಒಂದು ಪಾಲು ತೀರದ ಗುಂಟ ದಕ್ಷಿಣದ ಕಡೆಗೆ ತಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ಪದರದ ನೀರು ಗಾಳಿಯ ಬಲಕ್ಕೆ ವಾಲುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತವನ ಬಲಗೈ ಪಶ್ಚಿಮಕ್ಕಿರುತ್ತದೆ, ಅಂದರೆ ತೀರದಿಂದ ಹೊರಕ್ಕೆ. ಹೀಗೆ ಮೇಲಿನ ನೀರು ತೀರವನ್ನು ಬಿಟ್ಟು ಸರಿದಾಗ ಆ ಜಾಗವನ್ನು ತುಂಬಲು ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇರುತ್ತದೆ. ಇದು ಕೇರಳದ ತೀರದಲ್ಲಿ ಹೆಚ್ಚು ಪ್ರಬಲವಾಗಿದ್ದು ಕರ್ನಾಟಕದ ತೀರದವರೆಗೂ ಹಬ್ಬುತ್ತದೆ.

ಮೇಲಕ್ಕೆ ಬಂದ ಗೊಬ್ಬರಕ್ಕೆ ಬಿಸಿಲು ತಾಗಿದೊಡನೆ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಕೋಟ್ಯಂತರ ಸಂಖ್ಯೆಯಲ್ಲಿ ಬೆಳೆಯುತ್ತವೆ. ಅವನ್ನು ಸಸ್ಯಪ್ಲವಕಗಳು ಎನ್ನುತ್ತಾರೆ. ಕಡಲಿನ ಹುಲ್ಲುಗಾವಲು ಇದೇ. ಕರಾವಳಿಯ ಮನೆಮನೆಯ ಮೀನಾದ ಬೂತಾಯಿ ಬಹುಮಟ್ಟಿಗೆ ಈ ಹುಲ್ಲನ್ನೇ ಮೇಯುತ್ತದೆ. ಬಂಗುಡೆ ಈ ಹುಲ್ಲನ್ನೂ ಅದನ್ನು ಮೇಯುವ ಸೂಕ್ಷ್ಮ ಪ್ರಾಣಿಗಳನ್ನೂ ತಿನ್ನುತ್ತದೆ. ಅಂಜಲ್‌ನಂತಹ ದೊಡ್ಡ ಮೀನು ಬೂತಾಯಿ, ಬಂಗುಡೆ ಎರಡನ್ನೂ ಬೇಟೆಯಾಡುತ್ತದೆ. ನವೆಂಬರ್‌ನಲ್ಲಿ ನಮ್ಮ ತಟ್ಟೆಗೆ ಬರುವ ಮೀನಿನ ಕಥೆ ಆರಂಭವಾಗುವುದು ಜೂನ್‌ನ ಗಾಳಿಯಲ್ಲಿ.

61 ದಿನಗಳ ನಿಷೇಧ ಯಾರಿಗೆ, ಏಕೆ?

ಮೇವು ಹೇರಳವಾಗಿರುವ ಕಾಲದಲ್ಲಿ ಮರಿ ಹಾಕುವುದು ಪ್ರಾಣಿಲೋಕದ ಜಾಣತನ. ಬೂತಾಯಿ ಮೊಟ್ಟೆಯಿಡುವ ಮುಖ್ಯ ಕಾಲ ಮುಂಗಾರಿನ ತಿಂಗಳುಗಳೇ. ಬಂಗುಡೆ ಮತ್ತು ಇನ್ನೂ ಹಲವು ಜಾತಿಗಳ ಮೊಟ್ಟೆಯಿಡುವ ಕಾಲದ ದೊಡ್ಡ ಪಾಲೂ ಈ ಅವಧಿಯಲ್ಲಿ ಬರುತ್ತದೆ. ಒಂದು ಹೆಣ್ಣು ಬೂತಾಯಿಯ ಹೊಟ್ಟೆಯಲ್ಲಿ ಹತ್ತಾರು ಸಾವಿರ ಮೊಟ್ಟೆಗಳಿರುತ್ತವೆ. ಆ ಹೊತ್ತಿನಲ್ಲಿ ಅದನ್ನು ಹಿಡಿಯುವುದೆಂದರೆ ಬಿತ್ತನೆಗೆ ಇಟ್ಟ ಭತ್ತವನ್ನು ಕುಟ್ಟಿ ಅನ್ನ ಮಾಡಿದಂತೆ. ಆ ದಿನದ ಹೊಟ್ಟೆ ತುಂಬುತ್ತದೆ, ಮುಂದಿನ ಬೆಳೆ ಹೋಗುತ್ತದೆ.

ಆದ್ದರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಪೂರ್ವ ಕರಾವಳಿಯಲ್ಲಿ ಈ ಅವಧಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಬರುತ್ತದೆ. ಜೂನ್ ಕೊನೆಗೆ ಉಡುಪಿಯ ಮಾರುಕಟ್ಟೆಯಲ್ಲಿ ಪೂರ್ವ ಕರಾವಳಿಯಿಂದ ಐಸಿನಲ್ಲಿ ಬಂದ ಮೀನು ಕಾಣಿಸುವುದಕ್ಕೆ ಈ ದಿನಾಂಕಗಳ ವ್ಯತ್ಯಾಸವೇ ಕಾರಣ. ತೀರದಿಂದ 12 ನಾಟಿಕಲ್ ಮೈಲಿವರೆಗಿನ, ಎಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ಕಡಲು ರಾಜ್ಯದ ಅಧಿಕಾರಕ್ಕೆ ಸೇರಿದ್ದು. ಅಲ್ಲಿ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಅದರಾಚೆ 200 ನಾಟಿಕಲ್ ಮೈಲಿವರೆಗೆ ಕೇಂದ್ರ ಸರ್ಕಾರದ ಆದೇಶ ನಡೆಯುತ್ತದೆ.

ಈ ನಿಯಮ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಬಲೆಗಳ ಕಥೆಯನ್ನು ಸ್ವಲ್ಪ ನೋಡಬೇಕು. ಹಿಂದೆ ಈ ತೀರದ ದೊಡ್ಡ ಮೀನುಗಾರಿಕೆ ಎಂದರೆ ರಂಪಣಿ. ದೋಣಿಯಲ್ಲಿ ಹೋಗಿ ಮೀನಿನ ಹಿಂಡಿನ ಸುತ್ತ ಬಹು ಉದ್ದದ ಬಲೆಯನ್ನು ಅರ್ಧಚಂದ್ರಾಕಾರದಲ್ಲಿ ಬಿಟ್ಟು, ಅದರ ಎರಡೂ ತುದಿಗಳನ್ನು ದಡದಲ್ಲಿ ನಿಂತ ಹತ್ತಾರು ಜನ ಹಗ್ಗ ಹಿಡಿದು ಎಳೆಯುತ್ತಿದ್ದರು. ಎಳೆದವರೆಲ್ಲರಿಗೂ ಪಾಲು ಸಿಗುತ್ತಿತ್ತು. ಮೀನು ದಡಕ್ಕೆ ಬಂದರೆ ಮಾತ್ರ ಹಿಡಿಯಬಹುದಾಗಿತ್ತು. ಮಳೆಗಾಲದಲ್ಲಿ ದೋಣಿ ಇಳಿಸಲು ಅಲೆಯೇ ಬಿಡುತ್ತಿರಲಿಲ್ಲ. ಆಗ ನಿಷೇಧವನ್ನು ಜಾರಿ ಮಾಡುತ್ತಿದ್ದುದು ಕಡಲೇ.

1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಪರ್ಸೀನ್ ಬಲೆಯ ಕೆಳ ಅಂಚಿನಲ್ಲಿ ಬಳೆಗಳಿದ್ದು ಅವುಗಳ ಮೂಲಕ ಹಗ್ಗ ಹಾದಿರುತ್ತದೆ. ಹಿಂಡನ್ನು ಸುತ್ತುವರಿದು ಹಗ್ಗ ಎಳೆದರೆ, ಹಳೆಯ ಕಾಲದ ಎಲೆಅಡಿಕೆಯ ಚೀಲದ ಬಾಯಿಯನ್ನು ದಾರ ಎಳೆದು ಮುಚ್ಚಿದಂತೆ, ಬಲೆಯ ತಳ ಮುಚ್ಚಿಕೊಳ್ಳುತ್ತದೆ. ಮೀನು ದಡಕ್ಕೆ ಬರುವವರೆಗೆ ಕಾಯಬೇಕಾಗಿಲ್ಲ. ಟ್ರಾಲ್ ಬೋಟುಗಳು ಚೀಲದಂತಹ ಬಲೆಯನ್ನು ಕಡಲಿನೊಳಗೆ ಎಳೆದುಕೊಂಡು ಹೋಗಿ ಕೆಳಪದರದ ಮೀನು, ಸಿಗಡಿ, ಬೊಂಡಾಸ್ (ಸ್ಕ್ವಿಡ್) ಹಿಡಿಯುತ್ತವೆ; ಅವುಗಳಲ್ಲಿ ಆಳಸಮುದ್ರಕ್ಕೆ ಹೋಗುವ ಬೋಟುಗಳು ಐಸು, ಡೀಸೆಲ್, ಅಕ್ಕಿ ತುಂಬಿಕೊಂಡು ಹತ್ತು ದಿನದ ಆಸುಪಾಸು ಹೊರಗೇ ಇರುತ್ತವೆ. ಯಂತ್ರದ ಬಲ ಬಂದ ಮೇಲೆ ಕಡಲಿನ ತಡೆ ಸಾಕಾಗಲಿಲ್ಲ. ಮನುಷ್ಯರೇ ತಡೆ ಹಾಕಿಕೊಳ್ಳಬೇಕಾಯಿತು. ಎರಡು ಬೋಟುಗಳು ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಪ್ರಖರ ದೀಪ ಹಾಕಿ ಮೀನನ್ನು ಸೆಳೆಯುವ ಲೈಟ್ ಫಿಶಿಂಗ್ ಅನ್ನು 2017ರಲ್ಲಿ ಕೇಂದ್ರ ಸರ್ಕಾರ ತನ್ನ ವ್ಯಾಪ್ತಿಯ ಕಡಲಿನಲ್ಲಿ ವರ್ಷವಿಡೀ ನಿಷೇಧಿಸಿದ್ದೂ ಇದೇ ಸಾಲಿನ ಕ್ರಮ.

ಎರಡು ತಿಂಗಳ ರಜೆಯೊಂದರಿಂದಲೇ ಮೀನು ಉಳಿದುಬಿಡುತ್ತದೆ ಎನ್ನಲಾಗದು. ಕಡಲಿನ ಬಿಸಿ ಏರಿದರೆ, ಮೇಲೇರುವ ತಣ್ಣೀರಿನ ಲೆಕ್ಕ ತಪ್ಪಿದರೆ ಬೂತಾಯಿಯ ಹಿಂಡು ಕುಗ್ಗುತ್ತದೆ. ಆಗಸ್ಟ್ ಆದ ಮೇಲೆ ಸಣ್ಣ ಕಣ್ಣಿನ ಬಲೆಯಲ್ಲಿ ಮರಿಮೀನನ್ನು ಬಳಿದರೆ ಜೂನ್‌ನಲ್ಲಿ ಕಾದದ್ದಕ್ಕೆ ಅರ್ಥವೂ ಉಳಿಯುವುದಿಲ್ಲ.

ನಾಡದೋಣಿ ಮತ್ತು ತೂಫಾನ್

ನಿಷೇಧದ ದಿನಗಳಲ್ಲೂ ಕೆಲವು ದೋಣಿಗಳು ಕಡಲಿಗಿಳಿಯುವುದನ್ನು ಕಂಡು ಪ್ರವಾಸಿಗರು ನಿಯಮ ಮುರಿಯಲಾಗುತ್ತಿದೆ ಎಂದು ತಿಳಿಯುವುದುಂಟು. ಅವು ನಾಡದೋಣಿಗಳು. 10 ಅಶ್ವಶಕ್ತಿಯವರೆಗಿನ ಇಂಜಿನ್ ಇರುವ ಸಾಂಪ್ರದಾಯಿಕ ದೋಣಿಗಳಿಗೆ ಕರ್ನಾಟಕದಲ್ಲಿ ಈ ನಿಷೇಧ ಅನ್ವಯಿಸುವುದಿಲ್ಲ. ಅವು ತೀರದ ಸಮೀಪದಲ್ಲೇ, ಹವಾಮಾನ ಬಿಟ್ಟಷ್ಟು ಹೊತ್ತು ಮಾತ್ರ ದುಡಿಯುತ್ತವೆ.

ನಾಡದೋಣಿಯವರು ಕಾಯುವುದು ತೂಫಾನ್‌ಗೆ. ಹೊರಗಿನವರಿಗೆ ತೂಫಾನ್ ಎಂದರೆ ಆಪತ್ತು. ಮಲ್ಪೆಯವರ ಮಾತಿನಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ. ಮೊದಲ ಬಿರುಸಿನ ಮಳೆಗಳಲ್ಲಿ ಹೊಳೆಯ ನೀರು ನುಗ್ಗಿ ಬಂದು, ಅಲೆಗಳು ಕಡಲಿನ ತಳವನ್ನು ಕಲಕಿ, ನೀರು ಕೆಂಪು ಬಣ್ಣಕ್ಕೆ ತಿರುಗಿ, ಆ ಕಲಕಾಟದ ನಂತರ ಸಿಗಡಿ ಮತ್ತು ಮೀನು ದಡದತ್ತ ಬರುತ್ತವೆ. ಇಷ್ಟೂ ಆದರೆ ತೂಫಾನ್ ಆಯಿತು ಎನ್ನುತ್ತಾರೆ. ಜೂನ್ ಮುಗಿದರೂ ತೂಫಾನ್ ಆಗದಿದ್ದರೆ ದೋಣಿಗಳು ಮರಳಿನ ಮೇಲೆಯೇ ಉಳಿಯುತ್ತವೆ, ನಾಡದೋಣಿಯವರ ವರ್ಷದ ಸಂಪಾದನೆಯ ದೊಡ್ಡ ಪಾಲು ಕೈತಪ್ಪುತ್ತದೆ.

ದ್ವೀಪಕ್ಕೆ ದೋಣಿ ಏಕಿಲ್ಲ?

ಸೈಂಟ್ ಮೇರೀಸ್ ದ್ವೀಪಗಳು ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಉತ್ತರ ದಕ್ಷಿಣವಾಗಿ ಹರಡಿಕೊಂಡಿವೆ. ಪ್ರವಾಸಿಗರು ಹೋಗುವ ದ್ವೀಪವನ್ನು ಊರವರು ತೋನ್ಸೆಪಾರ್ ಎಂದು ಕರೆಯುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂದು ಹೇಳುತ್ತಾರೆ.

ದಡದ ಮೇಲೆ ನಿಂತಾಗ ಮಳೆಗಾಲದ ಅಲೆಯ ಎತ್ತರ ಸರಿಯಾಗಿ ತಿಳಿಯುವುದಿಲ್ಲ. ತೆರೆದ ಕಡಲಿನಲ್ಲಿ ಅದು 3 ಮೀಟರ್ ದಾಟುವುದು ಸಾಮಾನ್ಯ, ಎಂದರೆ ಒಂದಂತಸ್ತಿನ ಮನೆಯ ಸೂರಿನಷ್ಟು. ಇಂತಹ ಅಲೆಯಲ್ಲಿ ದೋಣಿ ದ್ವೀಪದವರೆಗೆ ಹೋಗಿ ಮುಟ್ಟಿದರೂ ಜನರನ್ನು ಇಳಿಸುವುದು ಅದಕ್ಕಿಂತ ಕಷ್ಟ. ಸುತ್ತಲೂ ಚೂಪಾದ ಕಲ್ಲುಗಳಿವೆ. ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಹತ್ತಿ ದಡ ಸೇರುವುದು ಅಲ್ಲಿನ ಬಹುಕಾಲದ ರೂಢಿ. ಕಾಲಿಡುವ ಹೊತ್ತಿಗೆ ದೋಣಿ ಆಳೆತ್ತರ ಏರಿ ಇಳಿಯುತ್ತಿದ್ದರೆ ಅದು ಸಾಧ್ಯವಿಲ್ಲ. ಮೀನುಗಾರಿಕೆ ಆಗಸ್ಟ್‌ನಲ್ಲಿ ಆರಂಭವಾದರೂ ದ್ವೀಪಯಾನ ಸಾಮಾನ್ಯವಾಗಿ ಸೆಪ್ಟೆಂಬರ್ ಕಳೆಯುವವರೆಗೆ ತೆರೆಯದಿರಲು ಕಾರಣ ಇದೇ.

ತಡೆಯೊಡ್ಡುವ ಆ ಕಲ್ಲುಗಳೇ ದ್ವೀಪದ ಹೆಚ್ಚುಗಾರಿಕೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಇಳಿದು ಕಾಲಬುಡವನ್ನು ನೋಡಿದರೆ ಯಾರೋ ಅಳೆದು ಕಡಿದು ಜೋಡಿಸಿದಂತೆ ಐದು, ಆರು, ಏಳು ಮೂಲೆಗಳ ಕಲ್ಲಿನ ತಲೆಗಳು ಒಂದರ ಮಗ್ಗುಲಿಗೆ ಒಂದು ಹೊಂದಿಕೊಂಡಿರುತ್ತವೆ. ಅಂಚಿಗೆ ಹೋಗಿ ಬಗ್ಗಿದರೆ ಅವು ತಲೆಗಳಷ್ಟೇ ಅಲ್ಲ, ಕೆಳಕ್ಕೆ ಇಳಿದ ಉದ್ದನೆಯ ಕಂಬಗಳು ಎಂದು ತಿಳಿಯುತ್ತದೆ. ಎತ್ತರದವು ಸುಮಾರು 6 ಮೀಟರ್ ಇವೆ. ನಡುಮಧ್ಯಾಹ್ನ ಅಂಗೈ ಇಟ್ಟರೆ ಸುಡುತ್ತದೆ, ಎರಡು ಕಂಬಗಳ ನಡುವಿನ ಸೀಳಿನಲ್ಲಿ ಮಾತ್ರ ತಣ್ಣನೆಯ ನೀರು ಮತ್ತು ಸಣ್ಣ ಏಡಿ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಕೆಸರು ಒಣಗಿ, ಕುಗ್ಗಿ, ಬಹುಕೋನಗಳಾಗಿ ಬಿರಿಯುವುದನ್ನು ಎಲ್ಲರೂ ಕಂಡಿದ್ದಾರೆ. ಕರಗಿದ ಕಲ್ಲು, ಎಂದರೆ ಲಾವಾ, ಆರುವಾಗಲೂ ಕುಗ್ಗುತ್ತದೆ. ಮೇಲ್ಮೈಯಲ್ಲಿ ಮೊದಲು ಬಿರುಕು ಬಿಟ್ಟು, ಆರುವಿಕೆ ಕೆಳಗೆ ಸಾಗಿದಂತೆ ಬಿರುಕೂ ಕೆಳಗಿಳಿದು ಕಂಬಗಳಾಗುತ್ತವೆ. ಹತ್ತಿರದಿಂದ ನೋಡಿದ್ದನ್ನೇ ಹೇಳುವುದಾದರೆ ಇಡೀ ದ್ವೀಪ ಒಂದು ಬಿರಿದ ಕೆರೆಯ ತಳ, ಕೆಸರಿನ ಬದಲು ಬೆಂಕಿಯದು. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ. ಮಹಾರಾಷ್ಟ್ರದ ದಖ್ಖನ್ ಲಾವಾ ಇದಕ್ಕಿಂತ ಎರಡು ಕೋಟಿ ವರ್ಷಗಳಷ್ಟು ಕಿರಿಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಈ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ದ್ವೀಪದ ದಡದಲ್ಲಿ ಮರಳಿಗಿಂತ ಕಪ್ಪೆಚಿಪ್ಪಿನ ಚೂರೇ ಹೆಚ್ಚು. ಅದನ್ನು ಕಿಸೆಗೆ ತುಂಬಿಕೊಳ್ಳದೆ ಬರಬೇಕೆಂಬುದು ನನ್ನ ಕೋರಿಕೆ. ಆ ಚಿಪ್ಪೇ ಅಲ್ಲಿನ ದಡ.

ಬೀಚಿನ ಬಲೆ ಯಾರಿಗಾಗಿ?

ಒಡೆದ ಅಲೆ ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ಅದು ಎಲ್ಲ ಕಡೆಯಿಂದ ಸಮನಾಗಿ ಹಿಂದಿರುಗುವುದಿಲ್ಲ; ಗದ್ದೆಯ ನೀರು ಬದುವಿನ ಒಡಕಿನಲ್ಲಿ ಒಟ್ಟಾಗಿ ನುಗ್ಗುವಂತೆ, ಮರಳುದಿಬ್ಬದ ನಡುವಿನ ಇಕ್ಕಟ್ಟಾದ ದಾರಿ ಹಿಡಿದು ವೇಗವಾಗಿ ಹೊರಕ್ಕೆ ಹರಿಯುತ್ತದೆ. ಮೋಸವಿರುವುದು ನೋಟದಲ್ಲಿ. ಅಕ್ಕಪಕ್ಕದಲ್ಲಿ ಬಿಳಿನೊರೆಯ ಅಲೆ ಒಡೆಯುತ್ತಿರುವಾಗ ಆ ದಾರಿಯ ಮೇಲೆ ಅಲೆ ಒಡೆಯದೆ ನೀರು ಶಾಂತವಾಗಿ ಕಾಣುತ್ತದೆ, ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡವರು ದಡದ ಕಡೆಗೇ ಈಜಲು ಹೋಗಿ ದಣಿಯುತ್ತಾರೆ. ಸೆಳವು ಅಗಲದಲ್ಲಿ ಕಿರಿದಾಗಿರುವುದರಿಂದ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗುವುದು ಸರಿಯಾದ ಉಪಾಯ. ಮುಂಗಾರಿನ ಸೆಳವಿನಲ್ಲಿ ಇದೂ ನೆಚ್ಚುವಂತಹುದಲ್ಲ. ಬಲೆ ಕಟ್ಟಿದ ಮೇಲೂ ಅದರಡಿಯಲ್ಲಿ ನುಸುಳುವವರನ್ನು ಕಂಡಾಗ ಊರವರ ಎದೆ ಝಲ್ಲೆನ್ನುತ್ತದೆ, ಏಕೆಂದರೆ ಕೂಗು ಕೇಳಿದಾಗ ನೀರಿಗೆ ಧುಮುಕಬೇಕಾದವರು ಅವರೇ.

ಸಮುದ್ರಪೂಜೆ

ಆಗಸ್ಟ್‌ನಲ್ಲಿ ಕಾನೂನು ಬಾಗಿಲು ತೆರೆಯುತ್ತದೆ. ಆದರೆ ಮಲ್ಪೆಯ ಮೀನುಗಾರ ಸಮುದಾಯವಾದ ಮೊಗವೀರರಿಗೆ ದಿನಾಂಕವೊಂದೇ ಸಾಲದು, ಕಡಲನ್ನೂ ಕೇಳಬೇಕು. ನೂಲಹುಣ್ಣಿಮೆಯ ಆಸುಪಾಸಿನಲ್ಲಿ ವಡಭಾಂಡೇಶ್ವರದ ಬಲರಾಮ ದೇವಸ್ಥಾನದಲ್ಲಿ ಮತ್ತು ಬೊಬ್ಬರ್ಯ ದೈವಸ್ಥಾನದಲ್ಲಿ ಪ್ರಾರ್ಥಿಸಿ, ಮೆರವಣಿಗೆಯಲ್ಲಿ ತೀರಕ್ಕೆ ಬಂದು, ಹಾಲು, ಹೂವು, ಹಣ್ಣು, ತೆಂಗಿನಕಾಯಿಗಳನ್ನು ಕಡಲಿಗೆ ಅರ್ಪಿಸುತ್ತಾರೆ. ಬೊಬ್ಬರ್ಯ ಕಡಲಿನ ದೈವ. ದೋಣಿ ಮತ್ತು ದೋಣಿಯಲ್ಲಿರುವವರ ಕಾವಲು ಅವನದು. ಬಲರಾಮ ದೇವಸ್ಥಾನದ ನೆನಪು ಉಡುಪಿಯ ಕೃಷ್ಣನಿಗೂ ಸೇರುತ್ತದೆ. ದ್ವಾರಕೆಯಿಂದ ಬರುತ್ತಿದ್ದ ಹಡಗು ಇಲ್ಲಿ ಬಿರುಗಾಳಿಗೆ ಸಿಕ್ಕಿದಾಗ ಮಧ್ವಾಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ಅದನ್ನು ದಡ ಸೇರಿಸಿದರೆಂದೂ, ಪ್ರತಿಯಾಗಿ ಗೋಪೀಚಂದನದ ಗಡ್ಡೆಯನ್ನಷ್ಟೇ ಬೇಡಿ ಪಡೆದರೆಂದೂ, ಅದರೊಳಗಿದ್ದ ಮೂರ್ತಿಯೇ ಇಂದಿನ ಕೃಷ್ಣನೆಂದೂ ಐತಿಹ್ಯ ಹೇಳುತ್ತದೆ. ಮಠದ ದೇವರು ಈ ಊರಿನವರ ಪಾಲಿಗೆ ಕಡಲಿನಿಂದ ಬಂದವನು.

ಪ್ರಾರ್ಥನೆಯ ಹಿಂದಿರುವ ಭಯ ಹಳೆಯದೇನಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಅದರಲ್ಲಿದ್ದ 7 ಮಂದಿಯೊಂದಿಗೆ ಕಾಣೆಯಾಯಿತು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡೆಯ ಕಡಲತಳದಲ್ಲಿ ಪತ್ತೆಯಾದದ್ದು ಮರುವರ್ಷದ ಮೇ ತಿಂಗಳ ಹೊತ್ತಿಗೆ. ಬೋಟು ಕಾಣೆಯಾದಾಗ ಮಳೆಗಾಲವೂ ಆಗಿರಲಿಲ್ಲ. ಹಾಲು ಕಡಲಿಗೆ ಬೀಳುವಾಗ ತೀರದಲ್ಲಿ ಕೈಮುಗಿದು ನಿಂತ ಹೆಂಗಸರ ಮುಖವನ್ನು ನೋಡಿದವರಿಗೆ ಆ ಪೂಜೆಯ ಅರ್ಥವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಮಳೆಗಾಲದಲ್ಲೇ ಹೋದವರಿಗೆ

ದ್ವೀಪವೇ ಬೇಕಾದವರು ಸೆಪ್ಟೆಂಬರ್ ಕಳೆದ ಮೇಲೆ ಹೋಗಬೇಕು. ಬಂದರಿನ ಭರಾಟೆ, ಹರಾಜಿನ ಕೂಗು, ಬಾಕ್ಸುಗಳಲ್ಲಿ ಬಂದಿಳಿಯುವ ಬಂಗುಡೆ, ಮಾಂಜಿ, ಅಂಜಲ್ ನೋಡಬೇಕಾದವರು ಸೆಪ್ಟೆಂಬರ್ ನಂತರದ ಯಾವುದೇ ಮುಂಜಾನೆ ಬರಬಹುದು. ಹರಾಜಿನಲ್ಲಿ ಮೀನು ಕೊಂಡು ಊರೂರಿಗೆ ಒಯ್ದು ಮಾರುವವರಲ್ಲಿ ಮಹಿಳೆಯರೇ ಮುಂದು. ಅವರ ದುಡಿಮೆಯ ಹೊತ್ತು ಅದು, ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬಾರದು.

ಜೂನ್, ಜುಲೈಯಲ್ಲಿ ಹೋದವರಿಗೆ ಸಿಗುವುದು ಬೇರೆಯೇ ಮಲ್ಪೆ. ಉತ್ತರ ಕನ್ನಡ, ಆಂಧ್ರ, ಒಡಿಶಾಗಳಿಂದ ಬಂದ ಕಾರ್ಮಿಕರು ತಮ್ಮ ಊರಿಗೆ ಮರಳಿರುತ್ತಾರೆ. ಕೆಲವು ಬೋಟುಗಳನ್ನು ದಡಕ್ಕೆ ಎಳೆದು ತಳ ಕೆರೆದು ಬಣ್ಣ ಹಚ್ಚುತ್ತಿರುತ್ತಾರೆ. ಅಂಗಡಿಯಲ್ಲಿ ಹಸಿಮೀನಿಗಿಂತ ಒಣಮೀನಿಗೆ ಬೇಡಿಕೆ. ತುಳುವರ ಮಳೆಗಾಲದ ತಿಂಗಳಾದ ಆಟಿಯ ಗಂಜಿಯೂಟಕ್ಕೆ ಅದೇ ಜೊತೆ. ಒಳನಾಡಿನ ಗದ್ದೆಗಳಲ್ಲಿ ಮೊದಲ ಮಳೆಗೆ ಹೊಳೆಯಿಂದ ಮೇಲೇರಿ ಬರುವ ಉಬೆರ್ ಮೀನಿಗೆ ರಾತ್ರಿ ಟಾರ್ಚು ಹಿಡಿದು ಹೋಗುವವರಿದ್ದಾರೆ.

ಬಂದರಿನ ಹಿಂಬದಿಯ ಶೆಡ್ಡುಗಳಲ್ಲಿ ಮಾತ್ರ ಬಿಡುವಿಲ್ಲ. ಅಲ್ಲಿ ನೆಲದ ತುಂಬ ನೀಲಿ, ಹಸಿರು ಬಲೆಗಳ ರಾಶಿ. ಹಿರಿಯರೊಬ್ಬರು ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚನ್ನು ಸಿಕ್ಕಿಸಿಕೊಂಡು, ಹರಿದ ಕಣ್ಣಿನ ಸುತ್ತಲಿನ ಎಳೆಗಳನ್ನು ಕತ್ತರಿಸಿ ತೆಗೆದು, ಗೇಣುದ್ದದ ಪ್ಲಾಸ್ಟಿಕ್ ಸೂಜಿಗೆ ಸುತ್ತಿದ ನೈಲಾನ್ ನೂಲನ್ನು ಎಡಗೈಯ ತೋರುಬೆರಳಿನ ಮೇಲೆ ಕುಣಿಕೆಯಾಗಿ ತಂದು ಗಂಟು ಬಿಗಿಯುತ್ತಾರೆ. ಪ್ರತಿ ಕಣ್ಣೂ ಆ ಬೆರಳಿನ ಅಳತೆಯದೇ ಆಗುವುದರಿಂದ ಬೇರೆ ಅಳತೆಗೋಲು ಬೇಕಾಗುವುದಿಲ್ಲ. ಹೊರಗೆ ಮಳೆ ಜೋರಾದಾಗ ಒಮ್ಮೆ ತಲೆಯೆತ್ತಿ ಅಳಿವೆಯ ಕಡೆ ನೋಡಿ ಮತ್ತೆ ಸೂಜಿ ತೂರಿಸುತ್ತಾರೆ. ಅಲ್ಲಿಗೆ ಹೋಗುವವರು ಹಾಸಿದ ಬಲೆಯ ಮೇಲೆ ಕಾಲಿಡದೆ, ಗೋಡೆಯ ಬದಿಯಿಂದ ನಡೆಯಬೇಕು.